ಇಸ್ಪೀಟ್ ಜಾದೂ, ಖಾರದ ಮಾತು: ಊಟದ ಮೇಜೋ, ಸಣ್ಣ ಕೋಣೆಯೋ, ಪರದೆ ಕಟ್ಟಿದ ಹಾಲೋ?

ಹತ್ತಿರ ಕೂತು ನೋಡುವ ಇಸ್ಪೀಟ್ ಜಾದೂವನ್ನು ಕೊಡಗಿನಲ್ಲಿ ಏರ್ಪಡಿಸುವುದು ಹೆಚ್ಚಾಗಿ ಮೂರು ಬಗೆಯಲ್ಲಿ. ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಜಾದೂಗಾರ ಮೇಜಿಂದ ಮೇಜಿಗೆ ಬರುತ್ತಾನೆ. ಇಲ್ಲವೇ ಎಸ್ಟೇಟ್ ಬಂಗಲೆಯ ಹಜಾರದಲ್ಲೋ ಕ್ಲಬ್ಬಿನ ಒಳಕೋಣೆಯಲ್ಲೋ ಒಂದು ಮೇಜಿಟ್ಟು, ಎದುರಿಗೆ ಇಪ್ಪತ್ತೈದು ಮೂವತ್ತು ಕುರ್ಚಿ ಹಾಕುತ್ತಾರೆ. ಮೂರನೆಯದು, ಮದುವೆ ಹಾಲ್‌ನಲ್ಲಿ ಕ್ಯಾಮೆರಾ, ಪ್ರೊಜೆಕ್ಟರ್ ಇಟ್ಟು ನೂರೈವತ್ತು ಜನಕ್ಕೆ ಒಟ್ಟಿಗೆ ತೋರಿಸುವುದು. ಮೂರನ್ನೂ ನೋಡಿ ಹೇಳುವುದಾದರೆ, ಮೆತ್ತಗೆ ಮಾತಾಡುವ ಜಾದೂಗಾರನಾದರೆ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ನೋಡುವವರನ್ನು ಕೆಣಕುತ್ತಾ, ಕಾಲೆಳೆಯುತ್ತಾ ಆಡುವವನಾದರೆ ಲೆಕ್ಕ ಬೇರೆ. ಕೈಚಳಕಕ್ಕೆ ಬೇಕಾದ ದೂರ ಒಂದು, ಕಟಕಿಗೆ ಬೇಕಾದ ದೂರ ಇನ್ನೊಂದು.

ಈ ಖಾರದ ಮಾತು ಬರೀ ನಗಿಸಲಿಕ್ಕಲ್ಲ. ಒಬ್ಬರನ್ನು ಕೆಣಕಿದ ಕ್ಷಣ ಉಳಿದವರ ಕಣ್ಣು ಎಲೆ ಬಿಟ್ಟು ಅವರ ಮುಖದ ಕಡೆ ಏಳುತ್ತದೆ. ನಕ್ಕಾಗ ತಲೆ ಹಿಂದಕ್ಕೆ ವಾಲುತ್ತದೆ, ಭುಜ ಸಡಿಲವಾಗುತ್ತದೆ. ಕೈಗೆ ಬೇಕಾದ್ದು ಆ ಒಂದೆರಡು ಸೆಕೆಂಡೇ. ಹಾಗಾಗಿ ಮಾತು ಬಿದ್ದಾಗ ನಗುವಿನ ಬದಲು ಮೌನ ಬಂದರೆ ಜೋಕ್‌ನ ಜೊತೆ ಆಟವೂ ಕೆಡುತ್ತದೆ, ಏಕೆಂದರೆ ಎಲ್ಲರ ಕಣ್ಣೂ ಕೈಯ ಮೇಲೇ ನೆಟ್ಟಿರುತ್ತದೆ. ಮೂರರಲ್ಲಿ ಎಲ್ಲಿ ನಗು ಒಟ್ಟಿಗೆ, ಹೊತ್ತಿಗೆ ಸರಿಯಾಗಿ ಏಳುತ್ತದೆ ಎನ್ನುವುದರ ಮೇಲೆ ನಮ್ಮ ತೀರ್ಮಾನ ನಿಂತಿದೆ.

ಊಟದ ಮೇಜು

ಆರೆಂಟು ಜನ, ಏಳರಿಂದ ಹತ್ತು ನಿಮಿಷ, ಹೆಚ್ಚೆಂದರೆ ಮೂರು ಆಟ. ಬರೀ ಜಾದೂ ಎಂದು ನೋಡಿದರೆ ಇದಕ್ಕೆ ಸಾಟಿಯಿಲ್ಲ. ನೀವೇ ಸಹಿ ಹಾಕಿದ ಎಲೆ ನಿಮ್ಮ ಲೋಟದ ಅಡಿಯಿಂದ ಹೊರಬಂದಾಗ ದೂರದ ಮೇಲೆ, ಬೆಳಕಿನ ಮೇಲೆ ಅನುಮಾನ ಪಡಲು ಜಾಗವೇ ಇರುವುದಿಲ್ಲ.

ಕಟಕಿಗೆ ಮಾತ್ರ ಇದು ಕೆಟ್ಟ ಜಾಗ. ಮೇಜಿನಲ್ಲಿ ಕೂತವರು ಒಂದೇ ಮನೆಯವರು: ಅಜ್ಜ, ಮಾವ, ಹೊಸ ಅಳಿಯ, ಮಕ್ಕಳು. ಅಳಿಯನನ್ನು ಮಾವನ ಎದುರೇ ಪೆದ್ದನನ್ನಾಗಿ ಮಾಡಿದರೆ ಮಾವ ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿಯುತ್ತಾರೆ. ಏಳು ಜನರಲ್ಲಿ ಒಬ್ಬರು ನಗದಿದ್ದರೂ ಎದ್ದು ಕಾಣುತ್ತದೆ. ಬೆಂಗಳೂರಿಂದ ಬಂದ ನವದಂಪತಿಗಳ ಇಬ್ಬರದೇ ಮೇಜಂತೂ ಇನ್ನೂ ಕಷ್ಟ, ಅಲ್ಲಿ ಗಂಡನನ್ನು ಕೆಣಕಿದರೆ ನಗಲು ಉಳಿಯುವುದು ಹೆಂಡತಿ ಒಬ್ಬಳೇ. ಅಂಥಲ್ಲಿ ಬುದ್ಧಿವಂತ ಜಾದೂಗಾರ ತನ್ನನ್ನೇ ಬೈದುಕೊಳ್ಳುತ್ತಾನೆ. ಬುದ್ಧಿಯಿಲ್ಲದವನು ಹೆಂಡತಿ-ಶಾಪಿಂಗ್ ಜೋಕ್ ತೆಗೆಯುತ್ತಾನೆ. ಅದು ಶುರುವಾದರೆ ಬಿಲ್ ತರಿಸಿಕೊಳ್ಳುವುದೇ ಲೇಸು.

ಊಟದ್ದೇ ಬೇರೆ ತೊಂದರೆ. ಪಂದಿಕರಿ, ಕಡಂಬುಟ್ಟು ಬಂದ ಮೇಲೆ ಮೇಜಿನಲ್ಲಿ ಅಂಗೈಯಗಲ ಜಾಗ ಉಳಿಯುವುದಿಲ್ಲ. ಎಣ್ಣೆ ಬೆರಳಲ್ಲಿ ಮುಟ್ಟಿದ ಎಲೆ ಪಕ್ಕದ ಎಲೆಗೆ ಅಂಟಿ, ಒಂದು ಎತ್ತುವಲ್ಲಿ ಎರಡು ಬರುತ್ತವೆ. ಆರ್ಡರ್ ಕೊಟ್ಟು ಊಟ ಬರುವ ಮೊದಲಿನ ಹದಿನೈದು ನಿಮಿಷ, ಇಲ್ಲವೇ ತಟ್ಟೆ ಎತ್ತಿ ಮೇಜು ಒರೆಸಿದ ಮೇಲೆ ಕರೆಸಿದರೆ ಸರಿ.

ಹೋಮ್‌ಸ್ಟೇಯವರು ಹೆಮ್ಮೆಯಿಂದ ಹೇಳುವ ‘ಕ್ಯಾಂಪ್‌ಫೈರ್ ಪಕ್ಕ ಜಾದೂ’ ಬೇಡ. ಬೆಂಕಿಯ ಕೆಂಪು ಬೆಳಕಿನಲ್ಲಿ ಬಿಳಿ ಎಲೆಯ ಮೇಲಿನ ಆಟೀನ್, ಡೈಮಂಡ್ ಮಸುಕಾಗುತ್ತವೆ. ಎಂಟೋ ಒಂಬತ್ತೋ ಎಂದು ಬಗ್ಗಿ ನೋಡಬೇಕಾಗುತ್ತದೆ. ಗಾಳಿಗೆ ಎಲೆ ಹಾರುತ್ತದೆ. ಬೆಂಕಿ ಜಾದೂಗಾರನ ಬೆನ್ನಿಗಿದ್ದರೆ ಅವನ ಕೈ ಬರೀ ನೆರಳು.

ಸಣ್ಣ ಕೋಣೆ

ಕೈಚಳಕವೂ ಕಟಕಿಯೂ ಒಟ್ಟಿಗೆ ಕೂಡಿಬರುವುದು ಇಲ್ಲಿ. ಹಾಲಿವುಡ್‌ನಲ್ಲಿ 1963ರಲ್ಲಿ ಬಾಗಿಲು ತೆರೆದ, ಜಾದೂಗಾರರ ಕ್ಲಬ್ಬಾದ ಮ್ಯಾಜಿಕ್ ಕ್ಯಾಸಲ್‌ನಲ್ಲೂ ಈ ಬಗೆಯ ಜಾದೂಗೆಂದೇ ಬೇರೆ ಪುಟ್ಟ ಗ್ಯಾಲರಿ ಇದೆ, ದೊಡ್ಡ ರಂಗದ ಜೊತೆ ಅದನ್ನು ಬೆರೆಸಿಲ್ಲ. ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಮನೆತನದವರೋ ಮಂಗಳೂರಿನ ಕುದ್ರೋಳಿ ಗಣೇಶ್ ಅವರೋ ಮಾಡುವ ರಂಗದ ಜಾದೂವನ್ನು ಕೊನೆಯ ಸಾಲಿನಿಂದಲೂ ಸವಿಯಬಹುದು. ಜಾದೂಗೆ ಬಳಸುವ ಇಸ್ಪೀಟ್ ಎಲೆಯ ಅಳತೆ ಸಾಮಾನ್ಯವಾಗಿ ಎರಡೂವರೆ ಇಂಚಿಗೆ ಮೂರೂವರೆ ಇಂಚು, ಮೂಲೆಯ ಅಂಕಿ ಒಂದು ಸೆಂಟಿಮೀಟರಿನ ಆಸುಪಾಸು. ದೂರ ಹೆಚ್ಚಾದರೆ ಓದಲು ಕಣ್ಣು ಕಿರಿದು ಮಾಡಬೇಕು. ಕುರ್ಚಿಯ ಲೆಕ್ಕ ಇದರಿಂದಲೇ ಹುಟ್ಟುತ್ತದೆ.

ಮೇಜಿನ ಎದುರು ಅರ್ಧಚಂದ್ರದಂತೆ ಮೊದಲ ಸಾಲಿಗೆ ಏಳು, ಎರಡನೆಯದಕ್ಕೆ ಹತ್ತು ಕುರ್ಚಿ. ಮೂರನೆಯ ಸಾಲು ಎತ್ತರದ ಸ್ಟೂಲು, ಅಥವಾ ನಿಂತವರು. ಎಲ್ಲ ಸಾಲಿಗೂ ಒಂದೇ ಎತ್ತರದ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಹಿಂದಿನವರಿಗೆ ಮುಂದಿನವರ ತಲೆ ಮಾತ್ರ. ಮೇಜಿನ ಮೇಲೆ ರಬ್ಬರ್ ತಳದ ಬಟ್ಟೆ ಮ್ಯಾಟ್ ಇರಬೇಕು. ನುಣುಪಾದ ಬೀಟೆ ಮೇಜಿನ ಮೇಲೆ ಒಂಟಿ ಎಲೆ ಎತ್ತಲು ಉಗುರು ಹಾಕಬೇಕಾಗುತ್ತದೆ. ಜಾದೂಗಾರನ ಬೆನ್ನಿಗೆ ಗೋಡೆಯಿರಲಿ. ಕಿಟಕಿ ಬೇಡ, ಬೀರು ಕನ್ನಡಿಯಂತೂ ಬೇಡವೇ ಬೇಡ. ಹಳೆ ಬಂಗಲೆಗಳ ಗಾಜಿನ ಶೋಕೇಸ್ ಎಷ್ಟೋ ಆಟಗಳ ಗುಟ್ಟು ಬಿಚ್ಚಿದೆ. ಕೊಡವರ ಹಿರಿಮನೆಯಾದ ಐನ್‌ಮನೆಯ ಕೈಯ್ಯಾಲೆ ನೋಡಲು ಬಲು ಚಂದ, ಆದರೆ ಉದ್ದಕ್ಕಿರುವ ಜಗಲಿಯಾದ್ದರಿಂದ ಜನ ಎರಡೂ ಪಕ್ಕಕ್ಕೆ ಹರಡಿ ಕೂರುತ್ತಾರೆ. ತೀರಾ ಪಕ್ಕದಲ್ಲಿ ಕೂತವರಿಗೆ ಕೈಯ ಒಳಗು ಕಾಣುತ್ತದೆ.

ಕೊಡಗಿನ ಪ್ರೇಕ್ಷಕರಲ್ಲಿ ರಮ್ಮಿ ಆಡಿ ಪಳಗಿದವರು ಬಹಳ. ಕಲೆಸಿದ ಕೂಡಲೇ ‘ಕಟ್‌ಗೆ ಕೊಡಿ’ ಎನ್ನುತ್ತಾರೆ, ಕಟ್ಟಿನ ಅಡಿಯ ಎಲೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಸಾಧಾರಣ ಜಾದೂಗಾರ ಇಲ್ಲಿ ಬೆವರುತ್ತಾನೆ. ಪಳಗಿದವನು ಅಂಥವರನ್ನೇ ಮುಂದೆ ಕರೆದು, ಅವರ ಕೈಯಿಂದಲೇ ಕಲೆಸಿ, ಆಮೇಲೆ ಕೆಣಕುತ್ತಾನೆ: “ಅಂಕಲ್, ನೀವು ಕಲೆಸಿದ್ದು ನೋಡಿದ್ರೆ ಕ್ಲಬ್ಬಲ್ಲಿ ಎಷ್ಟು ಕಳ್ಕೊಂಡಿದ್ದೀರಿ ಅಂತ ಗೊತ್ತಾಗುತ್ತೆ.” ಈ ಚುಚ್ಚು ಅವರ ಆಟಕ್ಕೆ, ಅವರಿಗಲ್ಲ. ಇಡೀ ಕೋಣೆ ನಗುತ್ತದೆ, ಅವರೂ ನಗುತ್ತಾರೆ, ಏಕೆಂದರೆ ಸುತ್ತ ಇರುವವರಲ್ಲಿ ಅರ್ಧ ಜನ ಅವರ ಜೊತೆಯೇ ಕಳೆದುಕೊಂಡವರು.

ಖಾರಕ್ಕೂ ಗಡಿಯಿದೆ. ಆರಿಸಿದ ಎಲೆ, ಕಲೆಸಿದ ರೀತಿ, ಸಹಿಯ ವಕ್ರತೆ, ಕಟ್ಟಿದ ಟೈ — ಇವೆಲ್ಲ ನಡೆಯುತ್ತವೆ. ಮೈಬಣ್ಣ, ದಪ್ಪ, ಜಾತಿ, ಮನೆತನದ ಹೆಸರು ಎತ್ತಿದರೆ ಕೋಣೆ ಅಲ್ಲಿಗೇ ತಣ್ಣಗಾಗುತ್ತದೆ. ಮನೆತನದ ಹೆಸರು ಕೇಳಿದರೆ ನಂಟು ಹೇಳುವ ಊರಿದು, ಒಬ್ಬರನ್ನು ಅಂದರೆ ಮೂರು ಸಾಲಿಗೆ ತಾಗುತ್ತದೆ. ಇನ್ನೊಂದು, ‘ನೀವು’ ಬಿಡದೆ ಬೈಯುವವನೇ ಹೆಚ್ಚು ನಗಿಸುತ್ತಾನೆ. ಏಕವಚನಕ್ಕಿಳಿದ ಗಳಿಗೆಯಲ್ಲಿ ಅದು ಹಾಸ್ಯವಲ್ಲ, ಜಗಳ. ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವವರು ಬೆರೆತಿದ್ದರೆ ವೇಗವಾಗಿ ಉದುರುವ ಕನ್ನಡದ ಚುಚ್ಚು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುತ್ತದೆ. ಅಂಥಲ್ಲಿ ಮಾತು ಕಡಿಮೆ ಮಾಡಿ ಮುಖ ನೋಡಿಯೇ ಅಣಕಿಸುವವನು ಗೆಲ್ಲುತ್ತಾನೆ.

ಆರಿಸಿದ ಎಲೆಯನ್ನು ನಡುವೆ ತುರುಕಿದರೂ ಮತ್ತೆ ಮತ್ತೆ ಮೇಲಕ್ಕೇ ಬರುವ ಆಟ ಈ ಶೈಲಿಗೆ ಹೇಳಿ ಮಾಡಿಸಿದ್ದು. ಪ್ರತಿ ಸಲವೂ ಹೊಸದಾಗಿ ಕೆಣಕಬಹುದು, ಪ್ರತಿ ಸಲವೂ ನೋಡುವವರ ಹಟ ಏರುತ್ತದೆ. ಇಸ್ಪೀಟ್ ಜಾದೂಗಾರ ಡಾಯ್ ವೆರ್ನನ್ 1922ರಲ್ಲಿ ಶಿಕಾಗೊದಲ್ಲಿ ಆ ಕಾಲದ ಹೆಸರಾಂತ ಜಾದೂಗಾರ ಹೂಡಿನಿಯನ್ನೇ ಕಕ್ಕಾಬಿಕ್ಕಿ ಮಾಡಿದ್ದು ಇದೇ ಬಗೆಯ ಆಟದಿಂದ. ಐದಾರು ಸಲಕ್ಕಿಂತ ಹೆಚ್ಚಾದರೆ ಮಾತ್ರ ಬೇಸರ. ಒಟ್ಟು ಪ್ರದರ್ಶನ ಐವತ್ತು ನಿಮಿಷ ಸಾಕು.

ಕೋಣೆಗಿರುವ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಎಲೆ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ. ಬೀಸಣಿಗೆಯಂತೆ ಬಿಡಿಸಿದರೆ ಗಂಟು ಗಂಟಾಗಿ ತೆರೆಯುತ್ತದೆ. ಕಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿಟ್ಟು, ಆಟ ಶುರುವಾಗುವಾಗಲೇ ತೆಗೆಯುವುದು ಪಳಗಿದವನ ಗುರುತು. ಪೂರ್ತಿ ಪ್ಲಾಸ್ಟಿಕ್ ಎಲೆ ತೇವಕ್ಕೆ ಜಗ್ಗುವುದಿಲ್ಲ ನಿಜ, ಆದರೆ ಅದನ್ನು ಹರಿಯಲಾಗುವುದಿಲ್ಲ, ಮಾರ್ಕರ್ ಸಹಿ ಬೆರಳು ತಾಗಿದರೆ ಅಳಿಸುತ್ತದೆ. ಹರಿದು ಕೂಡಿಸುವ ಆಟ, ಸಹಿಯ ಆಟ ಎರಡೂ ಹೋದಂತೆ. ಶೀಟು ಮಾಡಿನ ಕೋಣೆಯಾದರೆ ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಮೈಕ್ ಹಾಕಿದರೆ ಮೂವತ್ತು ಜನರ ಆಪ್ತತೆ ಹೋಗುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಫೆಬ್ರವರಿವರೆಗಿನ ಒಣ ದಿನಗಳೇ ಒಳ್ಳೆಯವು.

ಪರದೆ ಕಟ್ಟಿದ ಹಾಲ್

ಜನ ಹೆಚ್ಚು, ತಲೆಗೆ ಖರ್ಚು ಕಡಿಮೆ. ಅದೊಂದೇ ಲಾಭ. ಕ್ಯಾಮೆರಾವನ್ನು ಮೇಜಿನ ನೇರ ಮೇಲೆ, ಚಿತ್ರ ಪ್ರೇಕ್ಷಕರಿಗೆ ತಲೆಕೆಳಗಾಗದಂತೆ ಕಟ್ಟಬೇಕು. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡದಿದ್ದರೆ ಎಲೆ ಎತ್ತಿದಾಗಲೆಲ್ಲ ಚಿತ್ರ ಮಂಜಾಗುತ್ತದೆ, ಬಿಳಿ ಎಲೆ ಹೊಳೆದು ಅಂಕಿಯೇ ಕಾಣುವುದಿಲ್ಲ. ಎಲ್‌ಇಡಿ ದೀಪದಡಿ ಪರದೆಯಲ್ಲಿ ಪಟ್ಟೆ ಓಡಿದರೆ ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಬೇಕು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಮಿನುಗುವುದು ಅದರ ಲೆಕ್ಕದಲ್ಲೇ. ಫೋನನ್ನು ವೈಫೈಯಲ್ಲಿ ಜೋಡಿಸಿದರೆ ಚಿತ್ರ ತಡವಾಗಿ ಬರುತ್ತದೆ. ಮುಂದಿನ ಸಾಲು ನಕ್ಕಾದ ಮೇಲೆ ಹಿಂದಿನ ಸಾಲಿಗೆ ಎಲೆ ಕಾಣುತ್ತದೆ, ನಗು ಎರಡು ತುಂಡಾಗುತ್ತದೆ. ತಂತಿಯೇ ಬೇಕು. ಕರೆಂಟು ಹೋದರೆ ಪ್ರೊಜೆಕ್ಟರ್ ಮತ್ತೆ ಬೆಳಗಲು ಹಿಡಿಯುವ ಹೊತ್ತಿನಲ್ಲಿ ಆಟದ ಬಿಗಿ ಸಡಿಲಾಗುತ್ತದೆ, ಹಾಗಾಗಿ ಕ್ಯಾಮೆರಾ, ಪ್ರೊಜೆಕ್ಟರ್ ಎರಡಕ್ಕೂ ಯುಪಿಎಸ್ ಇರಲಿ.

ಇಷ್ಟೆಲ್ಲ ಸರಿಯಾದರೂ ಕಟಕಿ ಇಲ್ಲಿ ಕಹಿಯಾಗುತ್ತದೆ. ಮೂವತ್ತು ಜನರ ನಡುವೆ ಎದುರುತ್ತರ ಕೊಟ್ಟರೆ ಎಲ್ಲರಿಗೂ ಕೇಳುತ್ತದೆ. ಹಾಲ್‌ನಲ್ಲಿ ಮೈಕ್ ಒಬ್ಬನ ಕೈಯಲ್ಲಿ, ಎದುರಿನವರ ನಡುಗುವ ಬೆರಳು ಹತ್ತು ಅಡಿಯ ಪರದೆ ಮೇಲೆ. ಅದು ಆಟದಂತೆ ಕಾಣದೆ ರ‍್ಯಾಗಿಂಗ್‌ನಂತೆ ಕಾಣುತ್ತದೆ. ಜಾದೂಗೂ ಪೆಟ್ಟು: ಚೌಕಟ್ಟಿನ ಹೊರಗೆ ಕೈ ಹೋದಾಗಲೆಲ್ಲ ‘ಅಲ್ಲೇ ಏನೋ ಮಾಡಿದ’ ಎನಿಸುತ್ತದೆ. ಹಾಲ್ ತಪ್ಪದಿದ್ದರೆ, ಇಪ್ಪತ್ತು ಕುರ್ಚಿಯನ್ನು ವೇದಿಕೆಯ ಮೇಲೇ ಮೇಜಿನ ಸುತ್ತ ಹಾಕಿಸಿ, ಕೆಣಕುವುದನ್ನು ಅವರಿಗಷ್ಟೇ ಮೀಸಲಿಡಲು ಮೊದಲೇ ಹೇಳಿಡಿ. ಉಳಿದವರು ಅವರ ಮುಖ ನೋಡಿ ನಗುತ್ತಾರೆ.

ಕೋಣೆಯನ್ನೇ ಆರಿಸಿಕೊಂಡವರಿಗೆ ಕೂರುವ ಜಾಗದ ಬಗ್ಗೆ ಎರಡು ಮಾತು. ಕೈ ಚಾಚಿದರೆ ಸಿಗುವ ಮೊದಲ ಸಾಲಿನ ಎರಡು ತುದಿಗಳವರೇ ಮೊದಲು ಬಲಿಯಾಗುವುದು. ಎಲ್ಲವೂ ಕಾಣಬೇಕು, ಆದರೆ ತಮ್ಮ ಮೇಲೆ ಕಣ್ಣು ಬೀಳಬಾರದು ಎನ್ನುವವರು ಎರಡನೆಯ ಸಾಲಿನ ನಡುವೆ ಕೂರಬೇಕು. ಕರೆದರೆ ಹೆಸರು ಹೇಳಿ ಸುಮ್ಮನಿರಿ, ಅವನಿಗಿಂತ ಜೋರಾಗಿ ಜೋಕ್ ಹೊಡೆಯಲು ಹೋದರೆ ಮುಂದಿನ ಇಪ್ಪತ್ತು ನಿಮಿಷ ನಿಮ್ಮದೇ. ಕಟ್ಟನ್ನು ಮಾತ್ರ ಕಸಿದುಕೊಳ್ಳಬೇಡಿ. ಅನುಮಾನವಿದ್ದರೆ ‘ನಾನು ಕಲೆಸಬಹುದಾ’ ಎಂದು ಕೇಳಿ. ಪಳಗಿದವನಾದರೆ ಹೂಂ ಎನ್ನುತ್ತಾನೆ, ಕಲೆಸುವಷ್ಟು ಹೊತ್ತೂ ಬೈಯುತ್ತಾನೆ.