ಒಲಿಯದ ಪ್ರೀತಿಯ ಹಾಡು: ಮೊನೊದಲ್ಲೋ, ಸ್ಟೀರಿಯೊದಲ್ಲೋ?

ಹಾರ್ಪ್ಸಿಕಾರ್ಡ್ (ಪಿಯಾನೊದಂಥ ಹಳೆಯ ಕೀಲಿಮಣೆ ವಾದ್ಯ), ಪಿಟೀಲುಗಳು, ನಡುವೆ ಒಂಟಿ ಕೊಳಲು, ಮೇಲೆ ಎಳೆಯ ದನಿಯ ಅಳಲು. ದಿ ಲೆಫ್ಟ್ ಬ್ಯಾಂಕ್ ತಂಡದ ‘ವಾಕ್ ಅವೇ ರೆನೀ’ (1966) ಇಂಥ ಹಾಡಿಗೆ ಒಳ್ಳೆಯ ಮಾದರಿ. ಆ ಕಾಲದ ಎಷ್ಟೋ ಹಾಡುಗಳಿಗೆ ಮೊನೊ (ಎಲ್ಲ ಸದ್ದೂ ಒಂದೇ ವಾಹಿನಿಯಲ್ಲಿ), ಸ್ಟೀರಿಯೊ (ಎಡ, ಬಲ ಬೇರೆ ಬೇರೆ) ಎರಡೂ ಮಿಕ್ಸ್, ಅಂದರೆ ದನಿ-ವಾದ್ಯಗಳನ್ನು ಬೆರೆಸಿದ ಅಂತಿಮ ರೂಪ, ಇವೆ. ಎರಡನ್ನೂ ಹೆಡ್‌ಫೋನ್‌ನಲ್ಲೂ ಸ್ಪೀಕರ್‌ನಲ್ಲೂ ಕೇಳಿ ನೋಡಿದರೆ, ಮೊದಲ ಆಲಿಕೆಗೆ ನನ್ನ ಮತ ಮೊನೊಗೇ.

ಆಗ ರೇಡಿಯೊ, ಸಿಂಗಲ್ ರೆಕಾರ್ಡು ಹೆಚ್ಚಾಗಿ ಮೊನೊ; ಸ್ಟುಡಿಯೊದವರ ಶ್ರದ್ಧೆಯೂ ಹೆಚ್ಚಾಗಿ ಅದಕ್ಕೇ ಸಲ್ಲುತ್ತಿತ್ತು. ಟೇಪಿನಲ್ಲಿ ದನಿ, ವಾದ್ಯಗಳನ್ನು ಬೇರೆ ಬೇರೆಯಾಗಿ ಹಿಡಿದಿಡಲು ಇದ್ದದ್ದೇ ಮೂರು ನಾಲ್ಕು ಪಟ್ಟಿ, ಅಂದರೆ ಟ್ರ್ಯಾಕ್. ಹಾಗಾಗಿ ಸ್ಟೀರಿಯೊ ಮಾಡುವಾಗ ಇಡೀ ಟ್ರ್ಯಾಕನ್ನೇ ಎಡಕ್ಕೋ ಬಲಕ್ಕೋ ತಳ್ಳಿದ್ದುಂಟು. ಹೆಡ್‌ಫೋನ್ ಹಾಕಿದರೆ ದನಿ ಒಂದು ಕಿವಿಯಲ್ಲಿ, ಪಿಟೀಲು ಇನ್ನೊಂದರಲ್ಲಿ. ಸಾಲಿನ ಕೊನೆಯ ಅಕ್ಷರದಲ್ಲಿ ಗಾಯಕನ ಉಸಿರು ಸೋಲುವ ಜಾಗವನ್ನು ಗಮನಿಸಿ. ಮೊನೊದಲ್ಲಿ ಪಿಟೀಲು ಆ ಉಸಿರಿನೊಳಗಿಂದಲೇ ಏಳುತ್ತದೆ, ಹೇಳಲಾಗದ ಮಾತನ್ನು ಅದೇ ಮುಂದುವರಿಸಿದ ಹಾಗೆ. ಸ್ಟೀರಿಯೊದಲ್ಲಾದರೆ ಸದ್ದು ಈ ಕಿವಿಯಿಂದ ಆ ಕಿವಿಗೆ ಹಾರುತ್ತದೆ. ಅಳಲು ಅಲ್ಲೇ ತುಂಡಾಗುತ್ತದೆ.

ವಾದ್ಯಸಂಯೋಜನೆ ಬಿಡಿಸಿ ನೋಡಲು ಮಾತ್ರ ಸ್ಟೀರಿಯೊವೇ ಮೇಲು. ಒಂದೇ ಸ್ಥಾಯಿಯ ಕೊಳಲು, ಪಿಟೀಲು ಮೊನೊದಲ್ಲಿ ಒಂದನ್ನೊಂದು ಮುಚ್ಚುತ್ತವೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಅಂತೂ ಕಳೆದೇಹೋಗುತ್ತದೆ. ಆದರೆ ಇದನ್ನು ಸ್ಪೀಕರ್‌ನಲ್ಲಿ ಕೇಳಿ. ಎರಡರ ನಡುವೆ 2 ಮೀಟರ್, ನಿಮ್ಮಿಂದ ಪ್ರತಿಯೊಂದಕ್ಕೂ 2 ಮೀಟರ್. ಎರಡು ಕಿವಿಗೂ ಎರಡರ ಸದ್ದೂ ತಲುಪುವುದರಿಂದ ಆ ಒಡಕು ತಗ್ಗುತ್ತದೆ.

ಫೋನಿನ ‘ಮೊನೊ ಆಡಿಯೊ’ ಸೆಟ್ಟಿಂಗ್ ಒತ್ತಿದರೆ ಮೊನೊ ಮಿಕ್ಸ್ ಸಿಗುವುದಿಲ್ಲ. ಅದು ಸ್ಟೀರಿಯೊದ ಎಡಬಲವನ್ನು ಕೂಡಿಸುವುದಷ್ಟೇ. ನಡುವೆ ಇದ್ದದ್ದು ಅಂಚಿನಲ್ಲಿದ್ದುದಕ್ಕಿಂತ ಸುಮಾರು 3 ಡೆಸಿಬೆಲ್ ಜೋರಾಗಿ ಮುಂದೆ ಬರುತ್ತದೆ, ಸಮತೋಲ ಕೆಡುತ್ತದೆ. ಆಲ್ಬಮ್ ಹೆಸರಿನಲ್ಲಿ ‘ಮೊನೊ’ ಎಂದಿರುವ ಆವೃತ್ತಿಯನ್ನೇ ಹುಡುಕಿ.

ಹೋಲಿಸುವ ಮುನ್ನ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಮೊನೊ ಎಲ್‌ಪಿಯನ್ನು ಸ್ಟೀರಿಯೊ ಕಾರ್ಟ್ರಿಜ್‌ನಲ್ಲಿ (ರೆಕಾರ್ಡ್ ಪ್ಲೇಯರ್‌ನ ಮುಳ್ಳಿರುವ ಭಾಗ) ಹಾಕುವವರು ಆಂಪ್ಲಿಫೈಯರ್‌ನ ಮೊನೊ ಗುಂಡಿ ಒತ್ತಲೇಬೇಕು. ಮುಳ್ಳಿನ ಮೇಲೆ-ಕೆಳಗಿನ ಅಲುಗಾಟದಿಂದ ಬರುವ ಕರಕರ ರದ್ದಾಗಿ, ಕೊಳಲು ಎಷ್ಟೋ ನಿಚ್ಚಳವಾಗಿ ಕೇಳಿಸುತ್ತದೆ.