ರೇಚೆಲ್ ಕೋರಿ ಪ್ರತಿಷ್ಠಾನ: ಸೋತ ಮೊಕದ್ದಮೆಗಳಿಂದ ದಕ್ಕಿದ್ದು

ಮಾನವ ಹಕ್ಕುಗಳ ಸಂಸ್ಥೆಯೊಂದನ್ನು ಅದು ಗೆದ್ದ ಮೊಕದ್ದಮೆಗಳಿಂದಲೇ ಅಳೆಯುವುದಾದರೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ನಗರದಲ್ಲಿರುವ ರೇಚೆಲ್ ಕೋರಿ ಶಾಂತಿ ಮತ್ತು ನ್ಯಾಯ ಪ್ರತಿಷ್ಠಾನಕ್ಕೆ ಹೆಚ್ಚು ಅಂಕ ಸಿಗಲಾರದು. ಅದರ ಬೆನ್ನೆಲುಬಾದ ಕೋರಿ ಕುಟುಂಬವು ಹೂಡಿದ ಎರಡು ದೊಡ್ಡ ದಾವೆಗಳಲ್ಲಿ ಮುಖ್ಯ ಪ್ರಶ್ನೆಯ ಮೇಲೆ ಎರಡರಲ್ಲೂ ಸೋಲಾಯಿತು. ಹಾಗಿದ್ದರೂ ಪ್ಯಾಲೆಸ್ತೀನಿಯರ ಹಕ್ಕುಗಳ ವಿಷಯದಲ್ಲಿ ಕಾನೂನಿನ ಹೊಣೆಗಾರಿಕೆ ಎಂದರೇನು, ಅದು ಎಲ್ಲೆಲ್ಲಿ ತಡೆದು ನಿಲ್ಲುತ್ತದೆ ಎಂದು ತಿಳಿಯಬಯಸುವವರಿಗೆ ನಾನು ಮೊದಲು ಸೂಚಿಸುವುದು ಈ ಪುಟ್ಟ ಕುಟುಂಬ ಸಂಸ್ಥೆಯನ್ನೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಒಲಿಂಪಿಯಾದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನ ವಿದ್ಯಾರ್ಥಿನಿ ರೇಚೆಲ್ ಕೋರಿ ಇಂಟರ್‌ನ್ಯಾಷನಲ್ ಸಾಲಿಡಾರಿಟಿ ಮೂವ್‌ಮೆಂಟ್ ಎಂಬ ಅಹಿಂಸಾತ್ಮಕ ಸಂಘಟನೆಯ ಸ್ವಯಂಸೇವಕಿಯಾಗಿ ಗಾಜಾದ ರಫಾ ನಗರಕ್ಕೆ ಹೋಗಿದ್ದರು. 2003ರ ಮಾರ್ಚ್ 16ರಂದು, ಅಲ್ಲಿನ ಔಷಧ ವ್ಯಾಪಾರಿಯೊಬ್ಬರ ಮನೆಯನ್ನು ಉಳಿಸಲು ಅಡ್ಡ ನಿಂತಾಗ, ಇಸ್ರೇಲ್ ಸೇನೆಯ ಕ್ಯಾಟರ್‌ಪಿಲ್ಲರ್ ಡಿ-9 ಬುಲ್‌ಡೋಜರಿನಡಿ ಸಿಕ್ಕಿ ಮೃತಪಟ್ಟರು. ಆಗ ಅವರಿಗೆ 23 ವರ್ಷ. ತಂದೆ ಕ್ರೇಗ್, ತಾಯಿ ಸಿಂಡಿ ಮತ್ತು ಅಕ್ಕ ಸಾರಾ ಅಂದಿನಿಂದ ಹಿಡಿದ ಕೆಲಸವೇ ಪ್ರತಿಷ್ಠಾನದ ರೂಪ ತಾಳಿತು.

ಈ ಸಂಸ್ಥೆಯ ಅತ್ಯಂತ ಬೆಲೆಬಾಳುವ ಕೊಡುಗೆ ಹೈಫಾ ಜಿಲ್ಲಾ ನ್ಯಾಯಾಲಯದಲ್ಲಿ ನಡೆದ ಸಿವಿಲ್ ದಾವೆಯ ದಾಖಲೆ. ಕುಟುಂಬವು 2005ರಲ್ಲಿ ಇಸ್ರೇಲ್ ಸರ್ಕಾರದ ವಿರುದ್ಧ ದಾವೆ ಹೂಡಿತು. ಸಾಕ್ಷಿ ವಿಚಾರಣೆ ಶುರುವಾಗಿದ್ದು 2010ರ ಮಾರ್ಚ್‌ನಲ್ಲಿ. ತೀರ್ಪು ಬಂದಿದ್ದು 2012ರ ಆಗಸ್ಟ್ 28ರಂದು. ಬುಲ್‌ಡೋಜರ್ ಚಾಲಕ ತೆರೆಯ ಹಿಂದೆ ಕುಳಿತು ಸಾಕ್ಷ್ಯ ನುಡಿದ. ರೇಚೆಲ್ ಸತ್ತಿದ್ದಾರೆಂದು ಘೋಷಿಸಿದ್ದ ಗಾಜಾದ ವೈದ್ಯರಿಗೆ ನ್ಯಾಯಾಲಯಕ್ಕೆ ಬರಲು ಅನುಮತಿಯೇ ಸಿಗಲಿಲ್ಲ. ಯುದ್ಧದ ಸಮಯದಲ್ಲಿ ನಾಗರಿಕರೆಂಬುವವರು ಇರುವುದಿಲ್ಲ ಎಂದು ಸೇನಾಧಿಕಾರಿಯೊಬ್ಬರು ಕಟಕಟೆಯಲ್ಲಿ ನಿಂತು ಹೇಳಿದರು. ಮರಣೋತ್ತರ ಪರೀಕ್ಷೆಯ ವೇಳೆ ಅಮೆರಿಕದ ರಾಯಭಾರ ಕಚೇರಿಯ ಪ್ರತಿನಿಧಿ ಹಾಜರಿರಬೇಕೆಂಬ ನ್ಯಾಯಾಲಯದ ಆದೇಶ ಪಾಲನೆಯಾಗಿರಲಿಲ್ಲ ಎಂಬುದೂ ಇದೇ ವಿಚಾರಣೆಯಲ್ಲಿ ಹೊರಬಿತ್ತು. ಕೊನೆಗೆ ನ್ಯಾಯಾಧೀಶ ಓಡೆಡ್ ಗೆರ್ಶಾನ್ ಅವರು ಇದೊಂದು ವಿಷಾದಕರ ಅಪಘಾತ, ಅಪಾಯದ ಜಾಗದಿಂದ ಸರಿದು ಹೋಗಬಹುದಾಗಿದ್ದರೂ ಆಕೆ ಹಾಗೆ ಮಾಡಲಿಲ್ಲ, ಘಟನೆಯು ಯುದ್ಧಕಾರ್ಯದ ವ್ಯಾಪ್ತಿಗೆ ಬರುವುದರಿಂದ ಸರ್ಕಾರ ಪರಿಹಾರಕ್ಕೆ ಬಾಧ್ಯವಲ್ಲ ಎಂದು ತೀರ್ಪಿತ್ತರು. 2015ರ ಫೆಬ್ರುವರಿಯಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಈ ಮುಖ್ಯ ಅಂಶವನ್ನು ಎತ್ತಿಹಿಡಿಯಿತು.

ಕುಟುಂಬ ಕೇಳಿದ್ದ ಸಾಂಕೇತಿಕ ಪರಿಹಾರ ಒಂದೇ ಒಂದು ಡಾಲರ್. ಆ ಒಂದು ಡಾಲರಿಗಾಗಿ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದವರನ್ನು ಹಠಮಾರಿಗಳೆಂದು ಕರೆಯುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೇನೆಯ ಆಂತರಿಕ ತನಿಖೆ ತಿಂಗಳುಗಳಲ್ಲೇ ಮುಚ್ಚಿಹೋಗಿತ್ತು. ದಾವೆ ಇಲ್ಲದಿದ್ದರೆ ಚಾಲಕನ ಮಾತಾಗಲಿ, ಆತನ ಮೇಲಧಿಕಾರಿಗಳ ಮಾತಾಗಲಿ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯವಾಗಿ ಎಲ್ಲಿಯೂ ಉಳಿಯುತ್ತಿರಲಿಲ್ಲ. ಹೀಬ್ರೂ ಭಾಷೆಯಲ್ಲಿ ನಡೆದ ಈ ಕಲಾಪವನ್ನು ಪ್ರತಿಷ್ಠಾನವು ಇಂಗ್ಲಿಷ್ ಓದುಗರಿಗೂ ತಿಳಿಯುವಂತೆ ವರದಿ ಮಾಡುತ್ತ ಬಂದದ್ದು ಸಣ್ಣ ಸೇವೆಯಲ್ಲ. ಇಲ್ಲಿ ಕ್ರೇಗ್ ಕೋರಿ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು: ವಿಯೆಟ್ನಾಂ ಯುದ್ಧದಲ್ಲಿ ಅವರು ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿದ್ದು ಬುಲ್‌ಡೋಜರುಗಳ ಉಸ್ತುವಾರಿ ನೋಡಿಕೊಂಡವರು. ಯಂತ್ರದ ಅಲಗಿನ ಮುಂದೆ ಏನಿದೆ ಎಂದು ತಿಳಿದುಕೊಳ್ಳುವ ಹೊಣೆ ಅದನ್ನು ನಡೆಸುವವರದೇ ಎಂಬ ಅವರ ವಾದದಲ್ಲಿ ಮಗಳನ್ನು ಕಳೆದುಕೊಂಡ ತಂದೆಯ ಸಂಕಟದ ಜೊತೆಗೆ ಆ ಕೆಲಸ ಬಲ್ಲವನ ಖಚಿತತೆಯೂ ಇದೆ.

ಎರಡನೆಯ ದಾವೆ ಬುಲ್‌ಡೋಜರ್ ತಯಾರಿಸಿದ ಕ್ಯಾಟರ್‌ಪಿಲ್ಲರ್ ಕಂಪನಿಯ ವಿರುದ್ಧ, ಅಮೆರಿಕದ ನೆಲದಲ್ಲೇ, 2005ರಲ್ಲಿ ದಾಖಲಾಯಿತು. ಇದೇ ಬಗೆಯ ಯಂತ್ರಗಳಿಂದ ತಮ್ಮವರನ್ನು ಕಳೆದುಕೊಂಡ ಪ್ಯಾಲೆಸ್ತೀನಿ ಕುಟುಂಬಗಳೂ ಇದರಲ್ಲಿ ವಾದಿಗಳಾಗಿದ್ದವು ಎಂಬುದನ್ನು ಹಲವರು ಮರೆತುಬಿಡುತ್ತಾರೆ. ಕೆಳ ನ್ಯಾಯಾಲಯ ಅದೇ ವರ್ಷ ದಾವೆಯನ್ನು ವಜಾ ಮಾಡಿತು. 2007ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ವಜಾವನ್ನು ಎತ್ತಿಹಿಡಿಯುತ್ತ ಕೊಟ್ಟ ಕಾರಣ ಓದಿಯೇ ತಿಳಿಯಬೇಕಾದಂಥದ್ದು: ಈ ಬುಲ್‌ಡೋಜರುಗಳ ಬೆಲೆಯನ್ನು ಅಮೆರಿಕ ಸರ್ಕಾರವೇ ಮಿಲಿಟರಿ ನೆರವಿನ ರೂಪದಲ್ಲಿ ಭರಿಸಿದೆ, ಹಾಗಾಗಿ ಕಂಪನಿಯ ತಪ್ಪನ್ನು ವಿಚಾರಿಸಹೊರಟರೆ ಸರ್ಕಾರದ ವಿದೇಶಾಂಗ ನೀತಿಯನ್ನೇ ವಿಚಾರಿಸಿದಂತಾಗುತ್ತದೆ, ಅದು ನ್ಯಾಯಾಲಯದ ಅಧಿಕಾರಕ್ಕೆ ಮೀರಿದ್ದು. ತೆರಿಗೆದಾರರ ಹಣದಿಂದ ಕೊಂಡದ್ದು ಎಂಬ ಅಂಶವೇ ಪ್ರಶ್ನಿಸಲಾಗದ ಗುರಾಣಿಯಾಯಿತು. ಪ್ರತಿಷ್ಠಾನದ ಅನಂತರದ ಹೋರಾಟ ಕಂಪನಿಯ ಷೇರುದಾರರ ಸಭೆ, ಚರ್ಚುಗಳು, ಪಿಂಚಣಿ ನಿಧಿಗಳ ಕಡೆಗೆ ಹೊರಳಿದ್ದರ ಮರ್ಮ ಈ ತೀರ್ಪಿನಲ್ಲಿದೆ. ಪ್ರೆಸ್ಬಿಟೇರಿಯನ್ ಚರ್ಚ್ 2014ರಲ್ಲಿ, ನಾರ್ವೆಯ ಪಿಂಚಣಿ ಸಂಸ್ಥೆ ಕೆಎಲ್‌ಪಿ 2024ರಲ್ಲಿ, ಅದೇ ದೇಶದ ಸರ್ಕಾರಿ ಸಂಪತ್ತು ನಿಧಿ 2025ರ ಆಗಸ್ಟ್‌ನಲ್ಲಿ ಕ್ಯಾಟರ್‌ಪಿಲ್ಲರ್ ಷೇರುಗಳಿಂದ ಹೊರಬಂದವು. ಇದರ ಶ್ರೇಯವನ್ನು ಒಂದು ಕುಟುಂಬಕ್ಕೆ ಕೊಡುವುದು ಅತಿಶಯೋಕ್ತಿಯಾದೀತು. ಹಲವು ಸಂಘಟನೆಗಳು ಇದಕ್ಕೆ ದುಡಿದಿವೆ. ಆದರೆ ಡಿ-9 ಯಂತ್ರವನ್ನು ಸಾಮಾನ್ಯ ಅಮೆರಿಕನ್ನರ ಮಾತಿನೊಳಗೆ ತಂದದ್ದರಲ್ಲಿ ಕೋರಿ ಕುಟುಂಬದ ಪಾಲು ದೊಡ್ಡದು. ಇತ್ತ 2025ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಇಸ್ರೇಲಿಗೆ ಸುಮಾರು 29.5 ಕೋಟಿ ಡಾಲರ್ ಮೌಲ್ಯದ ಇದೇ ಬುಲ್‌ಡೋಜರುಗಳ ಮಾರಾಟಕ್ಕೆ ಅನುಮೋದನೆ ಕೊಟ್ಟಿತು.

ಕೋರ್ಟಿನ ಹೊರಗಿನ ಕೆಲಸಗಳ ಮಟ್ಟ ಏರುಪೇರಾಗಿದೆ. ಒಲಿಂಪಿಯಾ ಪೇಟೆಯ ಗೋಡೆಯೊಂದರ ಮೇಲೆ ದೊಡ್ಡ ಆಲಿವ್ ಮರದ ಭಿತ್ತಿಚಿತ್ರವಿದೆ. ಅದರ ಎಲೆಗಳನ್ನು ಬೇರೆ ಬೇರೆ ಗುಂಪುಗಳು ತಮ್ಮ ತಮ್ಮ ಕಥೆಯೊಂದಿಗೆ ಬರೆದುಕೊಟ್ಟಿವೆ. ರಫಾ ಮತ್ತು ಒಲಿಂಪಿಯಾಗಳನ್ನು ಸೋದರ ನಗರಗಳೆಂದು ಘೋಷಿಸಬೇಕೆಂಬ ಪ್ರಸ್ತಾವವನ್ನು ನಗರಸಭೆ 2007ರಲ್ಲಿ ತಿರಸ್ಕರಿಸಿದರೂ ಜನರ ಮಟ್ಟದ ನಂಟು ಕಡಿಯಲಿಲ್ಲ. ರಫಾದಲ್ಲಿ ರಂಜಾನ್ ತಿಂಗಳ ಫುಟ್‌ಬಾಲ್ ಪಂದ್ಯಾವಳಿ ರೇಚೆಲ್ ಹೆಸರಿನಲ್ಲಿ ನಡೆದದ್ದುಂಟು. ಹಬ್ಬ, ಉಪನ್ಯಾಸಗಳು ಊರಿನವರಿಗೆ ಚೆನ್ನ; ದೂರದ ಓದುಗರಿಗೆ ಅವುಗಳಿಂದ ದಕ್ಕುವುದು ಕಡಿಮೆ.

ಸಂಸ್ಥೆಯ ಮೇಲಿನ ಮುಖ್ಯ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 2004ರ ಅಕ್ಟೋಬರ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿಯಂತೆ, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಗಾಜಾದಲ್ಲಿ 2,500ಕ್ಕೂ ಹೆಚ್ಚು ಮನೆಗಳನ್ನು ಸೇನೆ ಕೆಡವಿತ್ತು; ಅವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ರಫಾದಲ್ಲಿದ್ದವು; ಆ ಊರೊಂದರಲ್ಲೇ ಸುಮಾರು 16,000 ಜನ ಮನೆ ಕಳೆದುಕೊಂಡಿದ್ದರು. ಅವರಲ್ಲಿ ಯಾರ ಹೆಸರಿನಲ್ಲೂ ಇಷ್ಟು ಹೆಸರಾದ ಪ್ರತಿಷ್ಠಾನವಿಲ್ಲ. ಬಿಳಿಯ ಅಮೆರಿಕನ್ ಯುವತಿಯೊಬ್ಬಳ ಸಾವು ಸುದ್ದಿಯಾಗುವಷ್ಟು ಪ್ಯಾಲೆಸ್ತೀನಿಯರ ಸಾವು ಸುದ್ದಿಯಾಗುವುದಿಲ್ಲ ಎಂಬ ಅಸಮಾನತೆಯ ಮೇಲೆಯೇ ಸಂಸ್ಥೆ ನಿಂತಿದೆ. ಕೋರಿ ದಂಪತಿಗೆ ಇದು ತಿಳಿದಿದೆ, ಸಿಕ್ಕ ಗಮನವನ್ನು ಪ್ಯಾಲೆಸ್ತೀನಿ ಕುಟುಂಬಗಳ ಕಡೆಗೆ ತಿರುಗಿಸಲು ಅವರು ಯತ್ನಿಸುತ್ತಲೂ ಬಂದಿದ್ದಾರೆ. ಆದರೂ ಸಂಸ್ಥೆಯ ಸಾಮಗ್ರಿಯನ್ನು ಓದುತ್ತ ಹೋದಂತೆ ರೇಚೆಲ್ ಎಂಬ ವ್ಯಕ್ತಿಯೇ ಮುಂದೆ ಬಂದು, ಅವರು ಕಾಯಲು ಹೋದ ಊರು ಹಿಂದೆ ಸರಿದಂತೆ ಕೆಲವೊಮ್ಮೆ ಭಾಸವಾಗುತ್ತದೆ.

ಇನ್ನೊಂದು ಮಿತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಇದು ವಕೀಲರ ಸಂಸ್ಥೆಯಲ್ಲ. ಕ್ಯಾಟರ್‌ಪಿಲ್ಲರ್ ಪ್ರಕರಣವನ್ನು ನಡೆಸಿದ್ದು ನ್ಯೂಯಾರ್ಕಿನ ಸೆಂಟರ್ ಫಾರ್ ಕಾನ್‌ಸ್ಟಿಟ್ಯೂಷನಲ್ ರೈಟ್ಸ್ ಮತ್ತು ಅದರ ಜೊತೆಗಾರರು. ಹೈಫಾದಲ್ಲಿ ವಾದಿಸಿದ್ದು ವಕೀಲ ಹುಸೇನ್ ಅಬು ಹುಸೇನ್. ಕಾನೂನು ನೆರವು ಬೇಕಾದವರು ಅಂಥವರ ಬಳಿಗೇ ಹೋಗಬೇಕು. ಕೋರಿ ಕುಟುಂಬದಿಂದ ಸಿಗುವುದು ಈಗಾಗಲೇ ಆ ದಾರಿಯಲ್ಲಿ ನಡೆದವರ ಅನುಭವ: ಯಾವ ಕಚೇರಿಗೆ ಯಾವ ಪ್ರಶ್ನೆಯನ್ನು ಲಿಖಿತವಾಗಿ ಕೇಳಬೇಕು, ಉತ್ತರವನ್ನು ಹೇಗೆ ದಾಖಲಿಸಿಟ್ಟುಕೊಳ್ಳಬೇಕು ಎಂಬ ಪಾಠ. ರೇಚೆಲ್ ಸಾವಿನ ತನಿಖೆಯು ಸಮಗ್ರವೂ ವಿಶ್ವಾಸಾರ್ಹವೂ ಪಾರದರ್ಶಕವೂ ಆಗಿರುತ್ತದೆಂದು ಇಸ್ರೇಲಿನ ಆಗಿನ ಪ್ರಧಾನಿ ಏರಿಯಲ್ ಶರೋನ್ ಅಮೆರಿಕದ ಅಧ್ಯಕ್ಷ ಬುಷ್ ಅವರಿಗೆ ಮಾತು ಕೊಟ್ಟಿದ್ದರು. ಅದು ಹಾಗೆ ನಡೆಯಿತೇ ಎಂದು ಕುಟುಂಬ ಕೇಳಿದಾಗ, ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅವರ ಕಚೇರಿಯ ಮುಖ್ಯಸ್ಥ ಲಾರೆನ್ಸ್ ವಿಲ್ಕರ್‌ಸನ್ 2004ರಲ್ಲಿ ಇಲ್ಲವೆಂದು ಲಿಖಿತವಾಗಿಯೇ ಉತ್ತರಿಸಿದರು. ಸರ್ಕಾರವೊಂದರ ಬಾಯಿಯಿಂದ ಇಂಥ ಉತ್ತರ ಪಡೆದುಕೊಂಡದ್ದು ಯಾವ ಭಾಷಣಕ್ಕಿಂತಲೂ ಹೆಚ್ಚು ಕಾಲ ಬಾಳುವಂಥದ್ದು.

ಈ ಅನುಭವದ ಬೆಲೆ 2024ರ ಸೆಪ್ಟೆಂಬರ್ 6ರಂದು ಮತ್ತೆ ಕಂಡಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪದವೀಧರೆ, 26 ವರ್ಷದ ಐಶೆನೂರ್ ಎಜ್ಗಿ ಐಗಿ, ರೇಚೆಲ್ ಇದ್ದ ಅದೇ ಇಂಟರ್‌ನ್ಯಾಷನಲ್ ಸಾಲಿಡಾರಿಟಿ ಮೂವ್‌ಮೆಂಟಿನ ಸ್ವಯಂಸೇವಕಿಯಾಗಿ ಪಶ್ಚಿಮ ದಂಡೆಯ ಬೇತಾದಲ್ಲಿದ್ದಾಗ ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದರು. ಗುಂಡು ಉದ್ದೇಶಪೂರ್ವಕವಾಗಿ ತಗುಲಿದ್ದಲ್ಲ ಎಂದು ಸೇನೆ ಹೇಳಿತು. ಐಶೆನೂರ್ ಅವರ ಕುಟುಂಬ ಅಮೆರಿಕದಿಂದಲೇ ಸ್ವತಂತ್ರ ತನಿಖೆಯಾಗಬೇಕೆಂದು ಆಗ್ರಹಿಸಿತು. ಆ ಕುಟುಂಬದ ಬೆಂಬಲಕ್ಕೆ ಬಹಿರಂಗವಾಗಿ ನಿಂತವರಲ್ಲಿ ಕ್ರೇಗ್ ಮತ್ತು ಸಿಂಡಿ ಕೋರಿ ಇದ್ದರು.

ಈ ಸಂಸ್ಥೆಯ ಕೆಲಸವನ್ನು ಹೊಸದಾಗಿ ನೋಡಹೊರಟವರು ಸ್ಮರಣೆಯ ಬರಹಗಳಿಂದ ಆರಂಭಿಸದೆ, ಹೈಫಾ ವಿಚಾರಣೆಯ ವರದಿಗಳನ್ನು ಮೊದಲು ಓದಿ, ಆಮೇಲೆ 2007ರ ಮೇಲ್ಮನವಿ ತೀರ್ಪಿಗೆ ಬರುವುದು ಒಳ್ಳೆಯದು. ಶಾಲಾ ಶಿಕ್ಷಕರಿಗೂ ಕಾನೂನು ವಿದ್ಯಾರ್ಥಿಗಳಿಗೂ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಗಾಜಾಕ್ಕೆ ತುರ್ತು ಪರಿಹಾರ ತಲುಪಿಸಬೇಕೆಂದು ಹಣ ಕೊಡುವವರು ಅದಕ್ಕೆಂದೇ ದುಡಿಯುವ ವೈದ್ಯಕೀಯ ಮತ್ತು ಆಹಾರ ಸಂಸ್ಥೆಗಳನ್ನು ಆರಿಸಿಕೊಳ್ಳುವುದು ಸೂಕ್ತ.