ಇಸಿಎಚ್‌ಎಸ್ ಕಾರ್ಡ್ ಜೇಬಲ್ಲಿದೆ ಅಂತ ಧೈರ್ಯವಾಗಿ ವಿಮಾನ ಹತ್ತಬೇಡಿ

ಮಗಳ ಬಾಣಂತನಕ್ಕೆ ಅಂತ ನಾನೂ ನನ್ನಾಕೆಯೂ ಐದು ತಿಂಗಳು ನ್ಯೂಜೆರ್ಸಿಗೆ ಹೋಗಿದ್ದೆವು. ನಾನು 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತಿಯಾದವನು. ಇಸಿಎಚ್‌ಎಸ್ ಅಂದರೆ ನಮ್ಮಂಥ ಮಾಜಿ ಸೈನಿಕರಿಗಿರುವ ಆರೋಗ್ಯ ಯೋಜನೆ. ಎದೆಯಲ್ಲೊಂದು ಸ್ಟೆಂಟ್ ಇದೆ. ಅದನ್ನು ಹಾಕಿಸಿದಾಗ ಕೈಯಿಂದ ಒಂದು ರೂಪಾಯಿ ಬಿಚ್ಚಿರಲಿಲ್ಲ. ಯೋಜನೆಯದೇ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡೆ, ಎಂಪ್ಯಾನಲ್ ಆಸ್ಪತ್ರೆಗೆ, ಅಂದರೆ ಯೋಜನೆಯ ಪಟ್ಟಿಯಲ್ಲಿರೋ ಆಸ್ಪತ್ರೆಗೆ ಸೇರಿದೆ, ವಾಸಿಯಾಗಿ ಮನೆಗೆ ಬಂದೆ. ಹಾಗಾಗಿ ಆ ಕಾರ್ಡ್ ಅಂದರೆ ನನಗೆ ಮನೆದೇವರಿದ್ದ ಹಾಗೆ.

ಮೊದಲು ಎಡವಿದ್ದು ಮಾತ್ರೆ ವಿಷಯದಲ್ಲಿ. ಪಾಲಿಕ್ಲಿನಿಕ್‌ನಲ್ಲಿ ತಿಂಗಳಿಗಾಗುವಷ್ಟು ಕೊಡ್ತಾರೆ ಅಲ್ವಾ, ಅಷ್ಟನ್ನೇ ಕಟ್ಟಿಕೊಂಡು ಹೊರಟೆ. ವೀಸಾ, ಟಿಕೆಟ್ ತೋರಿಸಿ ಜಾಸ್ತಿ ದಿನದ್ದು ಕೇಳೋಕೆ ಅವಕಾಶ ಇದೆ ಅನ್ನೋದು ವಾಪಸ್ ಬಂದಮೇಲೆ ಗೊತ್ತಾಯಿತು. ಅಲ್ಲಿನ ಔಷಧಿ ಅಂಗಡಿಯವರು ನಮ್ಮೂರ ಚೀಟಿಗೆ ಮಾತ್ರೆ ಕೊಡೋದಿಲ್ಲ. ಅಲ್ಲಿನ ಡಾಕ್ಟರೇ ಬರೆದು ಕೊಡಬೇಕು. ಮಗಳಿಗೆ ಯಾಕೆ ತೊಂದರೆ ಅಂತ ನಾನು ಬಾಯಿ ಬಿಡಲಿಲ್ಲ. ಹೃದಯಕ್ಕೆ ಕೊಟ್ಟಿದ್ದ ಮೆಟೊಪ್ರೊಲೋಲ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದೆ, ಆಮೇಲೆ ಅದೂ ಮುಗಿಯಿತು. ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಎದೆನೋವು ಬರಬಹುದು. ನನಗೂ ಬಂತು, ನಾಲ್ಕನೇ ದಿನ, ರಾತ್ರಿ ಎರಡು ಗಂಟೆಗೆ.

ಎಮರ್ಜೆನ್ಸಿಯಲ್ಲಿ ಚೆನ್ನಾಗಿಯೇ ನೋಡಿದರು. ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಅಲ್ಲಿ 1986ರಿಂದ ಕಾನೂನೇ ಇದೆ. ಆದರೆ ಬಿಲ್ ಹಾಕಬಾರದು ಅಂತ ಯಾವ ಕಾನೂನೂ ಇಲ್ಲ. ಕೌಂಟರಿನ ಹುಡುಗಿಗೆ ನನ್ನ ಕಾರ್ಡ್ ಕೊಟ್ಟೆ. ಅವಳು ಎರಡು ಸಲ ತಿರುಗಿಸಿ ನೋಡಿ, ನಗುತ್ತಲೇ ವಾಪಸ್ ಕೊಟ್ಟಳು. ಆ ನಗು ಇನ್ನೂ ಕಣ್ಣ ಮುಂದಿದೆ.

ನಾನಂತೂ ನಿಶ್ಚಿಂತೆಯಿಂದ ಮಲಗಿದ್ದೆ. ಎಂಪ್ಯಾನಲ್ ಅಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು, ಆಮೇಲೆ ದುಡ್ಡು ಬರುತ್ತೆ ಅನ್ನೋದು ನನಗೆ ಬಾಯಿಪಾಠ. ಮಗಳ ಕೈಲಿ ಬೆಳಗ್ಗೆಯೇ ಮೇಲ್ ಹಾಕಿಸಿದೆ. ಉತ್ತರ ಎರಡೇ ಸಾಲು: ಆ ನಿಯಮ ಭಾರತದೊಳಗಿನ ಆಸ್ಪತ್ರೆಗಳಿಗೆ ಮಾತ್ರ, ವಿದೇಶದ ಚಿಕಿತ್ಸೆಗೆ ಹಣ ಇಲ್ಲ. ಅವರದ್ದೇನೂ ತಪ್ಪಿಲ್ಲ. ಹೊರಡೋ ಮುಂಚೆ ಒಂದು ಮಾತು ಕೇಳಬೇಕಿತ್ತು, ನಾನೇ ಕೇಳಲಿಲ್ಲ.

ಇನ್ಶೂರೆನ್ಸ್ ಇರಲಿಲ್ವಾ ಅಂತೀರಾ? ಇತ್ತು. ಟಿಕೆಟ್ ಜೊತೆ ಸುಮ್ನೆ ಇರಲಿ ಅಂತ ತಗೊಂಡ ಅಗ್ಗದ ಪಾಲಿಸಿ. ಎಮರ್ಜೆನ್ಸಿಗೆ ಇಂತಿಷ್ಟು, ಒಂದು ದಿನದ ಬೆಡ್‌ಗೆ ಇಂತಿಷ್ಟು ಅಂತ ಅದರಲ್ಲಿ ಮೊದಲೇ ಲೆಕ್ಕ ಕಟ್ಟಿಟ್ಟಿರುತ್ತಾರೆ, ಬಿಲ್ ಎಷ್ಟೇ ಬರಲಿ. ನನಗೆ ಅದೂ ಸಿಗಲಿಲ್ಲ. ಸ್ಟೆಂಟ್ ಹಳೇ ಕಾಯಿಲೆ ಅಂದರು. ನೀವು ಪಾಲಿಸಿ ಕೊಳ್ಳುವಾಗ, ಮೊದಲೇ ಇದ್ದ ಕಾಯಿಲೆ ಇದ್ದಕ್ಕಿದ್ದ ಹಾಗೆ ಕೆರಳಿದರೆ ಕೊಡ್ತೀರಾ, ಎಷ್ಟು ಕೊಡ್ತೀರಾ, ನನ್ನ ವಯಸ್ಸಿಗೂ ಅಷ್ಟೇನಾ ಅಂತ ಕೇಳಿ, ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಏಜೆಂಟ್ ಬಾಯಿಮಾತು ಅಲ್ಲಿ ನಡೆಯೋದಿಲ್ಲ.

ಒಂದು ರಾತ್ರಿಗೆ ಬಂದ ಬಿಲ್ 19 ಸಾವಿರ ಡಾಲರ್. ಅಳಿಯ ತಕ್ಷಣ ಕಟ್ಟಲಿಲ್ಲ, ಅದೇ ಒಳ್ಳೆಯದಾಯಿತು. ಐಟಂವಾರು ಬಿಲ್ ಕೇಳಿದ. ಅಲ್ಲಿನ ಲಾಭರಹಿತ ಆಸ್ಪತ್ರೆಗಳಲ್ಲಿ ಕೈಲಾಗದವರಿಗೆ ನೆರವಿನ ವ್ಯವಸ್ಥೆ ಇರಲೇಬೇಕಂತೆ, ಅದಕ್ಕೂ ಅರ್ಜಿ ಹಾಕಿದ. ನನ್ನ ಪಿಂಚಣಿ ಚೀಟಿ ಲಗತ್ತಿಸಿದೆವು. ಅರ್ಧಕ್ಕಿಂತ ಜಾಸ್ತಿ ಬಿಟ್ಟರು. ಉಳಿದದ್ದನ್ನು ಮಗಳು ಕಂತಿನಲ್ಲಿ ಕಟ್ಟುತ್ತಿದ್ದಾಳೆ. ಎಷ್ಟು ಬಾಕಿ ಇದೆ ಅಂತ ಕೇಳಿದರೆ ಮೊಮ್ಮಗನನ್ನು ಫೋನಿನ ಮುಂದೆ ಹಿಡಿದು ಮಾತು ಮರೆಸುತ್ತಾಳೆ.